ಗಂಗಿ ದಂಡೆ ಮುಟ್ಟಿದ ವರ್ಷ

ಪುಸ್ತಕ ತೆರೆದ ಕೂಡಲೇ ಸೀನು ಬಂತು. ಒಂದಲ್ಲ, ಮೂರು. ಗ್ರಂಥಾಲಯದ ಮೇಡಂ ಕನ್ನಡಕದ ಮೇಲಿಂದ ನೋಡಿ, "ಧೂಳ್ ಭಾಳ ಅದರಿ ಆ ಕಡಿ, ಹಳೇ ಪುಸ್ತಕ ಯಾರೂ ಮುಟ್ಟಂಗಿಲ್ಲ," ಎಂದರು. ಧೂಳೇ ಇರಬಹುದು. ಆದರೆ ನನ್ನ ಮೂಗಿಗೆ ಅದು ಒಣ ಮೆಣಸಿನಕಾಯಿಯ ಘಾಟು. ಏಳೆಂಟು ವರ್ಷ ಕಪಾಟಿನಲ್ಲಿ ಕೂತ ಪುಸ್ತಕದಲ್ಲಿ ಖಾರ ಎಲ್ಲಿ ಉಳಿದಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಅವರ ಮೂಗು ಅವರಿಗೆ, ನನ್ನದು ನನಗೆ.

ಶಹಾಪುರದ ಆ ಕಾಲೇಜಿಗೆ ನಾನು ಹೋಗಿದ್ದು ಹಳೆಯ ಅಂಕಪಟ್ಟಿಯೊಂದರ ನಕಲಿಗಾಗಿ. ಈಗ ಯಾದಗಿರಿ ಹತ್ತಿರದ ರಾಮಸಮುದ್ರದಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಕಾಗದ ಕೈಗೆ ಬರಲು ಒಂದು ತಾಸು ಹಿಡಿಯುತ್ತದೆ ಎಂದರು. ಕೂತು ಕೂತು ಬೇಸರವಾಗಿ ಗ್ರಂಥಾಲಯಕ್ಕೆ ಹೋದೆ. ಕಾದಂಬರಿಗಳ ಕಪಾಟಿನ ಕೆಳಗಿನ ಸಾಲಿನಲ್ಲಿ, ರಟ್ಟು ಬದಲಾಯಿಸಿಕೊಂಡು, ಬೆನ್ನಿನ ಮೇಲೆ ಯಾರದೋ ಕೈಬರಹದ ಹೆಸರು ಹೊತ್ತು ಅದು ಕೂತಿತ್ತು: ಎಡಗೈ ಸರದಾರ. ಹಾಳೆಗಳ ಅಂಚಿಗೆ ಅಲ್ಲಲ್ಲಿ ಕೆಂಪು ಮಿಶ್ರಿತ ಕಂದು ಕಲೆ. ಅವು ಯಾರ ಬೆರಳಿನವು ಎಂದು ಆ ಗ್ರಂಥಾಲಯದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ನನಗೆ ಗರ್ವವೇ ಅನಿಸಿತು, ಸುಳ್ಳು ಯಾಕೆ ಹೇಳಲಿ.

ಅದು ನನ್ನ ಬಿ.ಎ. ಕೊನೆಯ ವರ್ಷ. ನಮ್ಮ ಊರು ಗೋಗಿ. ಮಾಘ ಮಾಸ ಹತ್ತಿರ ಬಂತೆಂದರೆ ಊರ ಹೊರಗೆ ವ್ಯಾಪಾರಿಯೊಬ್ಬರ ಕಣದಲ್ಲಿ ಮೆಣಸಿನಕಾಯಿಯ ಕೆಂಪು ರಾಶಿಗಳು ಏಳುತ್ತಿದ್ದವು. ಹೆಂಗಸರು ರಾಶಿಯ ಸುತ್ತ ಕೂತು, ಬಾಯಿಗೆ ಸೆರಗು ಕಟ್ಟಿಕೊಂಡು, ಒಂದೊಂದೇ ಕಾಯಿಯ ತೊಟ್ಟು ಮುರಿದು ತಮ್ಮ ಬಿದಿರ ಪುಟ್ಟಿಗೆ ಹಾಕಬೇಕು. ಸಂಜೆ ಕೂಲಿಯವರ ಮೇಲ್ವಿಚಾರಣೆಯ ಮುಕದಮ ಮೌಲಾಲಿ ಕಾಕಾ ಒಬ್ಬೊಬ್ಬರ ಪುಟ್ಟಿಯನ್ನೂ ತೂಗುತ್ತಿದ್ದರು. ಪುಟ್ಟಿ ತೂಗಿದಷ್ಟು ಕೂಲಿ. ಆ ವರ್ಷ ನಮ್ಮ ಅವ್ವನ ಬಲಗೈ ಮಣಿಕಟ್ಟು ಬಾತುಕೊಂಡಿತ್ತು. ಅವಳ ಅರ್ಧ ಪುಟ್ಟಿ ತುಂಬಲು ನಾನೂ ಹೋಗಿ ಕೂರಬೇಕಾಯಿತು. ಕಾಲೇಜಿನಲ್ಲಿ ಓದಿಗೆಂದು ರಜೆ ಬಿಟ್ಟಿದ್ದರು. ನಾನು ಓದುವುದೊಂದನ್ನು ಬಿಟ್ಟು ಎಲ್ಲ ಮಾಡುತ್ತಿದ್ದೆ.

ಎರಡನೇ ದಿನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಕಣ್ಣು ಅದರ ಮೇಲೆ, ಒಂದು ಕಣ್ಣು ಮೆಣಸಿನಕಾಯಿ ಮೇಲೆ ಇಟ್ಟು ಕೂತೆ. ಹತ್ತು ನಿಮಿಷ ಆಗಿರಲಿಲ್ಲ, ಖಾರದ ಕೈಯಿಂದ ಕಣ್ಣು ಒರೆಸಿಕೊಂಡು ಲಬೋ ಲಬೋ ಎಂದು ಬಾಯಿ ಬಡಿದುಕೊಂಡೆ. ಎಲ್ಲರೂ ನಕ್ಕರು. ಈರಮ್ಮಾಯಿ ಮಾತ್ರ ಎದ್ದು ಬಂದು ಕೊಡದ ನೀರಿನಿಂದ ನನ್ನ ಕಣ್ಣು ತೊಳೆದಳು. ಆಯಿ ಆ ಗುಂಪಿನ ಹಿರಿಯಳು. ಯಾರು ಎಲ್ಲಿ ಕೂರಬೇಕು, ಯಾವಾಗ ಊಟಕ್ಕೆ ಏಳಬೇಕು ಎಂಬುದನ್ನೆಲ್ಲ ಅವಳೇ ಹೇಳುವುದು. ಮುಕದಮ ಕಾಕಾ ಕೂಡ ಅವಳನ್ನು ಕೇಳಿಯೇ ಮುಂದಿನ ರಾಶಿಗೆ ಕೈ ಹಚ್ಚುತ್ತಿದ್ದರು.

"ಏನದು ಪುಸ್ತಕ?" ಎಂದಳು.

"ಕತಿ ಪುಸ್ತಕ ಆಯಿ. ಪರೀಕ್ಷಾಕ್ಕ ಅದ."

"ಕತಿ ಅಂದ್ರ ಒಬ್ಬಾಕೀನ ಯಾಕ ಓದ್ತಿ? ದೊಡ್ಡದಾಗಿ ಓದು, ನಾವೂ ಕೇಳ್ತೀವಿ."

"ಮತ್ತ ಅವ್ವನ ಪುಟ್ಟಿ?"

ಆಯಿ ಸುತ್ತ ಕೂತವರ ಮುಖ ನೋಡಿದಳು; ಅವಳೂ ಅವ್ವನೂ ಸೇರಿ ಗುಂಪು ಆರು ಜನರದು. ಶ್ರಾವಣದಲ್ಲಿ ಪುರಾಣ ಹೇಳುವವರಿಗೆ ಊರವರು ಅಕ್ಕಿ, ಕಾಯಿ ಒಪ್ಪಿಸುವುದಿಲ್ಲವೇ, ಅದೇ ಲೆಕ್ಕ ಅವಳ ತಲೆಗೆ ಬಂದಿರಬೇಕು. "ನೀ ಒಂದ್ ಹಾಳಿ ತಿರುವಿದ್ರ, ನಾವು ತಲಿಗೊಂದ್ ಬೊಗಸಿ ನಿಮ್ಮವ್ವನ ಪುಟ್ಟಿಗಿ ಹಾಕ್ತೀವಿ. ಆದ್ರ ಒಂದ್ ಮಾತು. ಬರದಿದ್ದಷ್ಟ ಓದಬೇಕು. ನಿಂದ ಒಂದ್ ಅಕ್ಷರ ಸೇರಿಸಬಾರದು, ಒಂದ್ ಅಕ್ಷರ ನುಂಗಬಾರದು."

ಹೀಗೆ ನನ್ನ ಓದಿಗೆ ಮೆಣಸಿನಕಾಯಿಯ ಬೆಲೆ ಕಟ್ಟಿದರು. ಅವತ್ತಿನಿಂದ ನಾನು ರಾಶಿ ಮುಟ್ಟಲಿಲ್ಲ. ಹಾಳೆ ತಿರುವಿದ ಸದ್ದಾದ ಕೂಡಲೇ ಅವ್ವನನ್ನು ಬಿಟ್ಟು ಐದು ಜೊತೆ ಕೈಗಳು ಎದ್ದು, ಐದು ಬೊಗಸೆ ಒಣಕಾಯಿ ಗಲಗಲ ಎಂದು ಪುಟ್ಟಿಗೆ ಬೀಳುತ್ತಿತ್ತು. ಮುಕದಮ ಕಾಕಾ ಮೊದಲ ದಿನ "ಇದ್ಯಾವ ಧಂದಾ?" ಎಂದು ಗೊಣಗಿದರು. ಮೂರನೇ ದಿನ ತಕ್ಕಡಿಯನ್ನು ತಂದು ನಮ್ಮ ಪಕ್ಕಕ್ಕೇ ಇಟ್ಟುಕೊಂಡು ಕೂತರು.

ಕಥೆ ಹಳೆಯ ಕಾಲದ್ದು. ಶತ್ರುಗಳು ಬಲಗೈ ಬೆರಳು ಕತ್ತರಿಸಿದ ಮೇಲೆ ಎಡಗೈಯಲ್ಲಿ ಕತ್ತಿ ಕಲಿತ ಸರದಾರನೊಬ್ಬ, ಮೋಸದಿಂದ ಕೋಟೆ ಕಳೆದುಕೊಂಡು, ಬುರುಜಿನಿಂದ ಹೊಳೆಗೆ ಜಿಗಿಯುತ್ತಾನೆ. ಅವನನ್ನು ನೀರಿನಿಂದ ಎಳೆದು ಬದುಕಿಸುವವಳು ಗಂಗಿ ಎಂಬ ಹರಗೋಲು ನಡೆಸುವ ಹೆಂಗಸು. ಮೂರು ದಿನ ಅವನನ್ನು ದಂಡೆಯ ಮೇಲೆ ಬೋರಲು ಹಾಕಿದ ಹರಗೋಲಿನ ಕೆಳಗೆ ಬಚ್ಚಿಡುತ್ತಾಳೆ. ಆಮೇಲೆ ಪುಸ್ತಕದ ತುಂಬ ಕುದುರೆ, ಕತ್ತಿ, ಸುರಂಗ, ಮುಸುಕು ಹಾಕಿದ ರಾಜಕುಮಾರಿ. ಬರೆದವರಿಗೆ ಬೇಕಾದದ್ದು ಸರದಾರ. ನಮ್ಮ ಕಣಕ್ಕೆ ಬೇಕಾದದ್ದು ಗಂಗಿ.

ಅದರಲ್ಲೂ ಭೀಮವ್ವನಿಗೆ. ಭೀಮವ್ವ ಕೃಷ್ಣೆಯ ದಂಡೆಯ ಅಂಬಿಗರ ಮನೆಯಿಂದ ಗೋಗಿಗೆ ಸೊಸೆಯಾಗಿ ಬಂದವಳು. ಅವಳ ಅಪ್ಪ, ಅಜ್ಜ ಎಲ್ಲ ಹರಗೋಲಿನಲ್ಲಿ ಜನರನ್ನು ದಾಟಿಸುತ್ತಿದ್ದವರು. ಸೇತುವೆ ಬಂದ ಮೇಲೆ ಹೊಳೆ ದಾಟಿಸುವ ಆ ಕಡವು ಹಾಳು ಬಿತ್ತು. "ಮೂರು ದಿನ ಆ ಗಂಡಸು ಹರಗೋಲಿನ ಕೆಳಗ ಇದ್ದ ಅಂದ್ರ ಆಕಿ ಜನರನ್ನ ಯಾತರಾಗ ದಾಟಿಸಿದಳು? ಗಳಿಕಿ ಇಲ್ಲ. ಏನ್ ಉಂಡಳು?" ಎಂದು ಕೇಳಿದಳು. ಪುಸ್ತಕದಲ್ಲಿ ಅದು ಇರಲಿಲ್ಲ. ಇಲ್ಲ ಎಂದೆ. "ಹಂಗಾರ ಬರದಾವಗ ಹೊಟ್ಟಿ ಹಸಿದಿಲ್ಲ," ಎಂದು ಭೀಮವ್ವ ತೊಟ್ಟು ಮುರಿದಳು. ಮೂರು ವರ್ಷ ಕಾಲೇಜಿನಲ್ಲಿ ವಿಮರ್ಶೆ ಎಂಬ ವಿಷಯ ಓದಿದ್ದೆ. ಇಂಥ ಮಾತು ಯಾರ ಬಾಯಿಂದಲೂ ಕೇಳಿರಲಿಲ್ಲ.

ಅವರಿಗೆ ಮೋಸ ಮಾಡುವುದು ಸುಲಭವಾಗಿರಲಿಲ್ಲ. ಒಮ್ಮೆ ಅರಮನೆಯ ಕಂಬ, ತೋರಣಗಳ ವರ್ಣನೆ ಬೇಸರ ತಂದು ಅರ್ಧ ಹಾಳೆ ಹಾರಿಸಿ ತಿರುವಿದೆ. ಯಾರ ಕೈಯೂ ಏಳಲಿಲ್ಲ. "ಈ ಹಾಳಿ ಲಗೂ ಮುಗೀತಲ್ಲವ್ವ?" ಎಂದಳು ಆಯಿ. ತಿರುಗಿ ಹೋಗಿ ಕಂಬ, ತೋರಣ ಎಲ್ಲ ಓದಿದೆ. ಆಮೇಲೆ ಬೊಗಸೆ ಬಿತ್ತು.

ಹದಿನೈದು ದಿನದ ಮೇಲೆ ಕೊನೆಯ ರಾಶಿ ಉಳಿಯಿತು. ಮರುದಿನ ಕೆಲಸ ಮುಗಿದರೆ ಗುಂಪು ಚದುರುತ್ತದೆ. ಭೀಮವ್ವ ತವರಿಗೆ ಹೊರಟಿದ್ದಳು. ಕಥೆಯಲ್ಲಿ ಗಂಗಿ ಸರದಾರನನ್ನೂ ರಾಜಕುಮಾರಿಯನ್ನೂ ಹರಗೋಲಿನಲ್ಲಿ ಕೂರಿಸಿಕೊಂಡು ತುಂಬಿದ ಹೊಳೆಯ ನಡುವೆ ಇದ್ದಳು. ಆಚೆ ದಂಡೆಯಿಂದ ಬಾಣಗಳು. ಒಂದು ಬಾಣ ಗಂಗಿಯ ಹೆಗಲಿಗೆ ನಾಟಿತು. ಅಷ್ಟಕ್ಕೆ ಊಟದ ಹೊತ್ತಾಯಿತು. ಎಲ್ಲರೂ ಬುತ್ತಿ ಬಿಚ್ಚಿದಾಗ ನಾನು ಮುಂದಿನ ಹಾಳೆ ನೋಡೋಣವೆಂದು ತಿರುವಿದರೆ, ಮುಂದೆ ಹಾಳೆಯೇ ಇಲ್ಲ. ಹೊಲಿಗೆಯ ದಾರಕ್ಕೆ ಹರಿದ ಅಂಚುಗಳು ಅಂಟಿಕೊಂಡಿದ್ದವು. ಯಾವ ಪುಣ್ಯಾತ್ಮನೋ ಕೊನೆಯ ಹಾಳೆಗಳನ್ನು ಕಿತ್ತುಕೊಂಡು ಹೋಗಿದ್ದ.

ಮುಂಚೆಯೇ ಒಮ್ಮೆ ಪೂರ್ತಿ ಓದಿದ್ದರೆ ಈ ಪರಿಸ್ಥಿತಿ ಬರುತ್ತಿರಲಿಲ್ಲ. ಓದಿರಲಿಲ್ಲ, ಏನು ಮಾಡುವುದು. ಅವತ್ತು ಮಧ್ಯಾಹ್ನ ಬಿಸಿಲು ತಲೆಗೇರಿದೆ ಎಂದು ನೆವ ಹೇಳಿ ಓದು ನಿಲ್ಲಿಸಿ, ಜಾಲಿ ಮರದ ಕೆಳಗೆ ನಿಂತು ಸಹಪಾಠಿಗೆ ಫೋನ್ ಹಚ್ಚಿದೆ. ಅವಳ ಹತ್ತಿರವೂ ಪುಸ್ತಕ ಇರಲಿಲ್ಲ, ಗೈಡ್ ಇತ್ತು. ಓದಿ ಹೇಳಿದಳು: ಗಂಗಿ ಹೊಳೆಯಲ್ಲಿ ಮುಳುಗುತ್ತಾಳೆ, ಸರದಾರ ಈಜಿ ದಡ ಸೇರಿ ಕೋಟೆ ಗೆದ್ದು ರಾಜಕುಮಾರಿಯನ್ನು ವರಿಸುತ್ತಾನೆ, ಗಂಗಿಯ ಸಾವು ತ್ಯಾಗದ ಸಂಕೇತ. "ಎಂಟು ಅಂಕಕ್ಕ ಬರ್ತದಂತ, ಬಾಯಿಪಾಠ ಮಾಡು," ಎಂದೂ ಸೇರಿಸಿದಳು.

ಮರುದಿನ ಬೆಳಿಗ್ಗೆ ಕಣಕ್ಕೆ ಹೋಗುವಾಗ ಅದನ್ನೇ ಹೇಳಬೇಕೆಂದು ನಿಶ್ಚಯಿಸಿದ್ದೆ. ಹಾಳೆ ಹರಿದಿವೆ, ಮುಂದೆ ಹೀಗಾಗುತ್ತದಂತೆ, ಮುಗಿಯಿತು. ಕೂತೆ. ಪುಸ್ತಕದ ಕೊನೆಯ ಹಾಳೆ ತೆರೆದೆ. ಭೀಮವ್ವ ಆಗಲೇ ರಾಶಿಯ ಮುಂದೆ ಕೂತಿದ್ದಳು. ಅವಳು ಮಾತಿಗೆ ಸೆರಗು ಸರಿಸಿದ್ದನ್ನು ಆ ಹದಿನೈದು ದಿನದಲ್ಲಿ ನಾನು ನೋಡಿರಲಿಲ್ಲ. ಅವತ್ತು ಸರಿಸಿದಳು.

"ಗಂಗಿ ದಂಡಿ ಮುಟ್ಟಿದಳೇನವ್ವ?"

"ಮುಟ್ಟಿದಳು," ಎಂದೆ.

ಬಾಯಿಂದ ಬಿದ್ದ ಮಾತು ಬಿದ್ದೇಹೋಯಿತು. ಅಲ್ಲಿಂದ ಮುಂದೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಗಂಗಿ ಹಲ್ಲು ಕಚ್ಚಿ ಒಂದೇ ಕೈಯಲ್ಲಿ ಹುಟ್ಟು ಹಾಕಿದಳು. ಸುಳಿಯಲ್ಲಿ ಹರಗೋಲು ಮೂರು ಸುತ್ತು ತಿರುಗಿತು. ಹೆದರಿ ಎದ್ದು ನಿಂತ ಸರದಾರನಿಗೆ "ಕೂಡು ಕೆಳಗ!" ಎಂದು ಗದರಿಸಿದಳು, ಅವನು ಕೂತ. ದಂಡೆ ಬಂತು. ಕೋಟೆ ಗೆದ್ದ ಮೇಲೆ ಸರದಾರ ಹೊನ್ನಿನ ಚೀಲ ತಂದು ಮುಂದಿಟ್ಟ. ಗಂಗಿ ಬೇಡ ಎಂದಳು. ಈ ಕಡವು ನನ್ನ ಹೆಸರಿಗೆ ಇರಲಿ, ದಂಡೆಯ ಕಲ್ಲಿನ ಮೇಲೆ ನನ್ನ ಹೆಸರು ಕೆತ್ತಿಸು, ನೀನು ದಾಟಬೇಕಾದರೂ ನನ್ನನ್ನು ಕೇಳಿಯೇ ದಾಟಬೇಕು ಎಂದಳು. ಸರದಾರ ಎಡಗೈಯಿಂದ ಕತ್ತಿ ತೆಗೆದು ಅವಳ ಪಾದದ ಹತ್ತಿರ ಇಟ್ಟ. ಹೇಳಿ ಮುಗಿಸುವಾಗ ಭೀಮವ್ವ ಅಳುತ್ತಿದ್ದಳು. ಖಾರದ ಕೈ, ಕಣ್ಣೊರೆಸಿಕೊಳ್ಳುವ ಹಾಗಿಲ್ಲ. ಹಾಗೇ ಹರಿಯಬಿಟ್ಟಿದ್ದಳು.

"ಅಪ್ಪನ ಹೆಸರು ಆ ದಂಡಿ ಮ್ಯಾಗ ಎಲ್ಲೂ ಇಲ್ಲ ನೋಡು," ಎಂದಳು. ಅಷ್ಟೇ ಅಂದದ್ದು.

ಅವತ್ತು ಅವ್ವನ ಪುಟ್ಟಿ ಮಧ್ಯಾಹ್ನಕ್ಕೆ ಮುಂಚೆಯೇ ತುಂಬಿ ಚೆಲ್ಲಿತು. ಅಷ್ಟು ಬೊಗಸೆ ಯಾವತ್ತೂ ಬಿದ್ದಿರಲಿಲ್ಲ. ಕಥೆಯ ಗುಂಗಿನಲ್ಲಿ ನಾನು ಅದರ ಕಡೆ ಗಮನವನ್ನೇ ಕೊಡಲಿಲ್ಲ. ಪರೀಕ್ಷೆಯಲ್ಲಿ ಮಾತ್ರ ಗಂಗಿಯನ್ನು ಸರಿಯಾಗಿ ಮುಳುಗಿಸಿ, ತ್ಯಾಗದ ಸಂಕೇತ ಎಂದು ಬರೆದು, ಎಂಟು ಅಂಕಕ್ಕೆ ಕೈ ಚಾಚಿ ಬಂದೆ.

ವಿಷಯ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಕಾರಹುಣ್ಣಿಮೆ ಹೊತ್ತಿಗೆ ಅದೇ ಕಾದಂಬರಿ ಸಿನಿಮಾ ಆಗಿ ಶಹಾಪುರದ ಟಾಕೀಸಿಗೆ ಬಂತು. ಊರಿನ ಆಟೋಗಳ ಬೆನ್ನಿಗೆಲ್ಲ ಕುದುರೆ ಏರಿದ ಸರದಾರನ ಪೋಸ್ಟರ್. ಆಯಿ ಪೋಸ್ಟರ್ ನೋಡಿ ನಮ್ಮ ಮನೆಗೇ ಬಂದಳು. "ಗಂಗಿನ್ನ ನೋಡಿ ಬರಮು, ನಡಿ." ಸಿನಿಮಾ ಚಲೋ ಇಲ್ಲವಂತೆ ಎಂದೆ. ಮಳೆ ಬರುತ್ತದೆ ಎಂದೆ. ತಲೆನೋವು ಎಂದೆ. ಅವ್ವ ನನ್ನನ್ನು ಓರೆಗಣ್ಣಿನಿಂದ ನೋಡಿ, "ಓದಿದಾಕಿನ ಬರಲಿಲ್ಲಂದ್ರ ಹೆಂಗ?" ಎಂದಳು. ತವರಿನಿಂದ ಮರಳಿದ್ದ ಭೀಮವ್ವನೂ ಸೇರಿ ಒಂದೇ ಆಟೋದಲ್ಲಿ ನಾವು ಏಳು ಜನ ಒಬ್ಬರ ಮೇಲೊಬ್ಬರು ಕೂತು ಹೊರಟೆವು. ಗಂಗಿ ಮುಳುಗುತ್ತಾಳೆ, ಇವರೆದುರು ನಾನೂ ಮುಳುಗುತ್ತೇನೆ. ಬರೆದಿದ್ದಷ್ಟೇ ಓದಬೇಕು ಎಂದು ಮಾತು ತೆಗೆದುಕೊಂಡವರ ನಡುವೆ ಕೂತಿದ್ದೆ.

ಮಧ್ಯಾಹ್ನದ ಆಟ. ಸರದಾರ ಕುದುರೆ ಮೇಲೆ ಬಂದ, ಟಾಕೀಸು ಸಿಳ್ಳೆಯಿಂದ ತುಂಬಿತು. ಆಯಿ ಸಿಳ್ಳೆ ನಿಲ್ಲುವವರೆಗೆ ಕಾದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಎಡಗೈ ಸರದಾರಂತ ಹೆಸರಿಟ್ಟು ಬಲಗೈಲಿ ಕತ್ತಿ ಹಿಡದಾನಲ್ಲ! ಬೆರಳು ಮತ್ತ ಚಿಗತಾವೇನು?" ಹಿಂದಿನ ಸಾಲಿನವರು ನಕ್ಕರು. ಹರಗೋಲಿನಲ್ಲಿ ನೆಟ್ಟಗೆ ನಿಂತು ಸರದಾರ ನಾಲ್ವರೊಡನೆ ಕತ್ತಿ ಬೀಸುವಾಗ ಭೀಮವ್ವನಿಗೆ ತಡೆಯಲಾಗಲಿಲ್ಲ. "ಹರಗೋಲಿನ್ಯಾಗ ಹಂಗ ನಿಂತ್ರ ಒಂದ್ ಸುತ್ತಿಗೇ ಮೀನಿಗಿ ಊಟ ಆಗ್ತಾನ. ಹುಟ್ಟು ಯಾರೂ ಹಾಕವಲ್ರು, ನೆಟ್ಟಗ ಹೊಂಟಾದ. ಕೆಳಗ ಹಗ್ಗ ಕಟ್ಟಿ ಜಗ್ಗಾಕತ್ತಾರ ನೋಡ್ರಿ." ನೋಡಿದರೆ ಹೌದು, ನೀರಿನಲ್ಲಿ ಹಗ್ಗದ ಗೆರೆ ಕಾಣುತ್ತಿತ್ತು. ಟಾಕೀಸಿನ ಆ ಭಾಗವಿಡೀ ಅವತ್ತು ಪರದೆಗಿಂತ ಹೆಚ್ಚು ನಮ್ಮ ಸಾಲಿಗೆ ಕಿವಿಗೊಟ್ಟಿತ್ತು.

ಗಂಗಿ ಬಂದಳು. ತುಟಿಗೆ ಬಣ್ಣ, ಕಾಲಿಗೆ ಗೆಜ್ಜೆ, ಮೈಗೆ ಒದ್ದೆ ಸೀರೆ. ಒಂದು ಹಾಡಿಗೆ ಕುಣಿದಳು. ಸರದಾರನಿಗೆ ಬಂದ ಬಾಣಕ್ಕೆ ಎದೆಯೊಡ್ಡಿದಳು, ಅವನ ತೊಡೆಯ ಮೇಲೆ ಸತ್ತಳು. ಸರದಾರ ಒಂದು ಹನಿ ಕಣ್ಣೀರು ಹಾಕಿದ, ಇಂಟರ್ವಲ್ ಆಯಿತು. ದೀಪ ಹತ್ತಿತು. ಶೇಂಗಾ ಮಾರುವವನು ನಮ್ಮ ಸಾಲಿನ ಮುಂದೆ ನಿಂತು, ಏನೂ ಮಾರದೆ ಮುಂದೆ ಹೋದ. ನಾನು ನನ್ನ ಕಾಲ್ಬೆರಳು ನೋಡುತ್ತಾ ಕೂತಿದ್ದೆ.

ಆಟ ಮುಗಿದು ಹೊರಗೆ ಬಂದರೆ ಗೇಟಿನಲ್ಲಿ ಮಲ್ಲು ಮೈಕು ಹಿಡಿದು ನಿಂತಿದ್ದ. ಮಲ್ಲು ಶಹಾಪುರದಲ್ಲಿ ಫೋಟೋ ಅಂಗಡಿ ಇಟ್ಟವನು. ಮೊಬೈಲಿನಲ್ಲಿ ಜನರ ಅಭಿಪ್ರಾಯ ತೆಗೆದು ತನ್ನ ಚಾನೆಲ್ಲಿಗೆ ಹಾಕುವುದು ಅವನ ಹವ್ಯಾಸ. ಹುಡುಗರು "ಸೂಪರ್ ರೀ, ಫೈಟ್ ಬೆಂಕಿ ರೀ" ಎಂದು ಕೂಗಿ ಹೋಗುತ್ತಿದ್ದರು. ಆಯಿ ನೇರವಾಗಿ ಹೋಗಿ ಅವನ ಮುಂದೆ ನಿಂತಳು.

"ಆಯಿ, ಹೆಂಗದ ಸಿನಿಮಾ?"

"ಕುದುರಿ ಚಲೋ ಮಾಡ್ಯಾದ," ಎಂದಳು ಆಯಿ. ಸುತ್ತಲಿದ್ದವರು ನಕ್ಕರು. ಅವಳು ನಗಲಿಲ್ಲ. "ಉಳದವ್ರು ಯಾರೂ ಪುಸ್ತಕ ಓದಿಲ್ಲ. ಗಂಗಿನ್ನ ಕೊಂದಾರ. ಯಾಕ ಕೊಂದ್ರು? ಆಕಿ ಎಳದು ಹಾಕದಿದ್ರ ಈ ಸರದಾರ ಎಲ್ಲಿರ್ತಿದ್ದ? ಪುಸ್ತಕದಾಗ ಆಕಿ ಸತ್ತಿಲ್ಲ. ದಂಡಿ ಮುಟ್ಯಾಳ. ಕಲ್ಲಿನ ಮ್ಯಾಗ ಆಕಿ ಹೆಸರದ. ನಮ್ಮ ಶಾಂತಾ ಓದ್ಯಾಳ, ಕೇಳ್ರಿ ಬೇಕಾದ್ರ."

ಮಲ್ಲುವಿನ ಮೊಬೈಲು ನನ್ನ ಕಡೆ ತಿರುಗಿತು. "ಹೌದೇನ್ ಅಕ್ಕೋರ?"

ಆರು ಜನ ನನ್ನ ಬೆನ್ನಿಗೆ ನಿಂತಿದ್ದರು. ನಾನು ತಲೆಯಾಡಿಸಿದೆ.

ಆ ವಿಡಿಯೋ ಎರಡೇ ದಿನದಲ್ಲಿ ಸುರಪುರ, ಯಾದಗಿರಿ ಎಲ್ಲ ಸುತ್ತಿ ಬಂತು. ಮೊದಲು ಜನ ಮೆಚ್ಚಿ ನಕ್ಕರು, ಕುದುರೆಯ ಮಾತು ಬಾಯಿಂದ ಬಾಯಿಗೆ ಹೋಯಿತು. ಆಮೇಲೆ ಯಾರೋ ಹರಿಯದ ಪ್ರತಿಯೊಂದರ ಕೊನೆಯ ಪುಟಗಳಲ್ಲೊಂದರ ಫೋಟೋ ತೆಗೆದು ಅದರ ಕೆಳಗೆ ಹಾಕಿದರು. ಗಂಗಿ ಮುಳುಗುವ ಪುಟ. ಅಲ್ಲಿಗೆ ಗಾಳಿ ತಿರುಗಿತು. ಅಕ್ಷರ ಬಾರದವರ ವಿಮರ್ಶೆ ನೋಡಿ ಎಂದು ಒಬ್ಬ. ಖಾರ ತಲೆಗೇರಿದೆ ಎಂದು ಇನ್ನೊಬ್ಬ. ಮುದುಕಿ ಸುಳ್ಳು ಹೇಳುತ್ತಾಳೆ ಎಂದು ಮತ್ತೊಬ್ಬ. ನನ್ನ ಹೆಸರು ಯಾರೂ ಎತ್ತಿರಲಿಲ್ಲ. ಬೈಸಿಕೊಂಡವಳು ಈರಮ್ಮಾಯಿ. ಒಂದಕ್ಷರ ಸೇರಿಸಬೇಡ ಎಂದು ಹೇಳಿದವಳೇ ಸುಳ್ಳುಗಾತಿಯಾದಳು, ಸುಳ್ಳು ಹೇಳಿದವಳು ಮನೆಯಲ್ಲಿ ಫೋನ್ ಹಿಡಿದು ಕೂತಿದ್ದಳು. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಅದಕ್ಕೆ ಮುಂಚೆಯೂ ಆಗಿಲ್ಲ, ಆಮೇಲೂ ಆಗಿಲ್ಲ.

ಮರುದಿನ ಬೆಳಿಗ್ಗೆಯೇ ಆಯಿಯ ಮನೆಗೆ ಹೋದೆ. ಬಿತ್ತನೆಗೆ ಮಳೆ ಇನ್ನೂ ಹದವಾಗಿರಲಿಲ್ಲ, ಆರೂ ಜನ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಾ ಕೂತಿದ್ದರು. ನಾನು ನಿಂತೇ ಹೇಳಿದೆ. ಕೊನೆಯ ಹಾಳೆಗಳು ಹರಿದಿದ್ದವು, ಪುಸ್ತಕದಲ್ಲಿ ಗಂಗಿ ಸಾಯುತ್ತಾಳೆ, ದಂಡೆ ಮುಟ್ಟಿದ್ದು ನಾನು ಕಟ್ಟಿದ್ದು, ಕಲ್ಲಿನ ಮೇಲಿನ ಹೆಸರೂ ನಾನೇ ಕಟ್ಟಿದ್ದು. ಜನ ನಿನ್ನನ್ನು ಬೈಯುತ್ತಿದ್ದಾರೆ ಆಯಿ, ತಪ್ಪು ನನ್ನದು. ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು.

ಯಾರೂ ಬೆಚ್ಚಿಬೀಳಲಿಲ್ಲ. ಆಯಿ ಮೊರದ ಕಾಳು ಒಮ್ಮೆ ಕೇರಿ ಕೆಳಗಿಟ್ಟಳು.

"ನಮಗ ಗೊತ್ತಿಲ್ಲಂತ ತಿಳಿದಿದ್ದೇನು?"

ನಾನು ಕಣ್ಣೊರೆಸಿಕೊಂಡು ಕಟ್ಟೆಯ ಅಂಚಿಗೆ ಕೂತೆ.

"ಅವತ್ತ ಮುಂಜಾನಿಂದ ಮಧ್ಯಾಹ್ನದ ತನಕ ನೀ ಒಂದ್ ಹಾಳಿ ಸುದ್ದಾ ತಿರುವಿಲ್ಲ," ಎಂದಳು ಆಯಿ. "ಪುಸ್ತಕ ತೊಡಿ ಮ್ಯಾಗ ಇತ್ತು, ನೀ ನಮ್ಮ ಮಾರಿ ನೋಡ್ಕೋತ ಹೇಳಾಕತ್ತಿದ್ದಿ. ಹದಿನೈದು ದಿನ ಹಾಳಿ ಎಣಿಸಿ ಬೊಗಸಿ ಹಾಕಿದವ್ರು ನಾವು. ನಮಗ ತಿಳಿಯಂಗಿಲ್ಲೇನು?"

"ಮತ್ತ... ಹಾಳಿ ತಿರುವದಿದ್ರೂ ಪುಟ್ಟಿಗಿ ಯಾಕ ಹಾಕಿದ್ರಿ?"

ಉತ್ತರ ಕೊಟ್ಟವಳು ಭೀಮವ್ವ. "ನಾವು ಕೈ ಬಿಟ್ರ ನೀ ನಿಂದ್ರಿಸಿಬಿಟ್ಟಿ ಅಂದ್ರ? ಗಂಗಿ ಇನ್ನಾ ನಡು ಹೊಳ್ಯಾಗ ಇದ್ದಳು."

ಐದು ಜನ, ಸಹಿಗೆ ಹೆಬ್ಬೆಟ್ಟು ಒತ್ತುವವರು, ಕೈಯಲ್ಲಿದ್ದ ಕೂಲಿಯನ್ನು ಬೊಗಸೆ ಬೊಗಸೆಯಾಗಿ ಚೆಲ್ಲಿ ಒಬ್ಬ ಹೆಂಗಸನ್ನು ದಂಡೆಗೆ ಎಳೆದಿದ್ದರು. ಅವ್ವನಿಗೂ ಅದು ಗೊತ್ತಿತ್ತು. ಅಷ್ಟು ದಿನ ಒಂದೇ ಮನೆಯಲ್ಲಿದ್ದು ಒಂದು ಮಾತು ಆಡಿರಲಿಲ್ಲ. ಈಗ ಕಾಳಿನಲ್ಲಿ ಕಲ್ಲು ಹುಡುಕುವವಳ ಹಾಗೆ ತಲೆ ತಗ್ಗಿಸಿ ನಗುತ್ತಿದ್ದಳು.

"ಹಂಗಾರ ಮೈಕಿನ್ಯಾಗ ಪುಸ್ತಕದಾಗ ಅದ ಅಂತ ಯಾಕ ಹೇಳಿದಿ ಆಯಿ?"

"ಪುಸ್ತಕದಾಗ ಅದ ಅಂದ್ರ ಮಂದಿ ಕೇಳ್ತಾರ. ಗೋಗಿ ಈರಮ್ಮ ಅಂದಾಳಂದ್ರ ಯಾರು ಕೇಳ್ತಾರ?" ಎಂದಳು. ಮೊರ ಮತ್ತೆ ಎತ್ತಿಕೊಂಡು, "ಆದ್ರ ಸುಳ್ಳು ಸುಳ್ಳ. ನಿನಗ ತಲಿಯಾಡಿಸಾಕ ಹಚ್ಚಿದ್ದು ನಂದ್ ತಪ್ಪು. ಆ ಮಲ್ಲುಗ ಫೋನ್ ಹಚ್ಚು."

ಮಲ್ಲು ಸಂಜೆಗೆ ಮುಂಚೆ ಗೋಗಿಗೆ ಬಂದ. ಈ ಸಲ ಮೊದಲು ನಾನು ಮಾತಾಡಿದೆ. ಪುಸ್ತಕದಲ್ಲಿ ಹಾಗಿಲ್ಲ, ನಾನು ಕಟ್ಟಿದ್ದು ಎಂದೆ. ಆಯಿ ಮೈಕನ್ನು ತನ್ನ ಕಡೆ ಎಳೆದುಕೊಂಡಳು. "ಬರದಾವ ಗಂಗಿನ್ನ ಮುಳುಗಿಸ್ಯಾನ. ಸಿನಿಮಾದಾವ ಕುಣಿಸಿ ಕೊಂದಾನ. ನಾವು ಎತ್ತಿ ದಂಡಿಗಿ ಹಾಕೀವಿ. ನಮ್ಮ ಮಾತು ಇಷ್ಟ. ಬೈಯೋರು ಬೈರಿ." ಈ ವಿಡಿಯೋವನ್ನು ಮೊದಲಿನದರಷ್ಟು ಜನ ನೋಡಲಿಲ್ಲ. ಬೈದವರಲ್ಲಿ ಇಬ್ಬರೋ ಮೂವರೋ ತಮ್ಮ ಮಾತು ಅಳಿಸಿದರು. ಸಿನಿಮಾ ತನ್ನ ಪಾಡಿಗೆ ಎರಡು ವಾರ ಓಡಿ ಹೋಯಿತು.

ಪುಸ್ತಕ ಮರಳಿಸುವ ದಿನ ಬಂದಾಗ ಆಯಿ ಬಿಡಲಿಲ್ಲ. ಹರಿದದ್ದನ್ನು ಹಾಗೇ ಕೊಟ್ಟರೆ ಹೇಗೆ, ಬರೆದು ಕೂಡಿಸು ಎಂದಳು. ನಾನು ಕಟ್ಟೆಯ ಮೇಲೆ ಕೂತು ಗೆರೆಯ ಕಾಗದದಲ್ಲಿ ಏಳು ಹಾಳೆ ಬರೆದೆ. ಗಂಗಿ ಹುಟ್ಟು ಹಿಡಿದ ರೀತಿ ತಪ್ಪಿದೆ ಎಂದು ಭೀಮವ್ವ ಎರಡು ಸಲ ತಿದ್ದಿಸಿದಳು. ಆ ಮೂರು ದಿನ ಗಂಗಿ ಏನುಂಡಳು ಎಂಬುದನ್ನೂ ಸೇರಿಸಿದಳು: ನೆರೆಯ ಮನೆಯವರು ತಂದಿಟ್ಟ ಒಣಗಿದ ಕಟಕು ರೊಟ್ಟಿ, ಹಿಂಡಿ ಚಟ್ನಿ. ಆಮೇಲೆ ಅವಳೇ ಗೋಣಿಚೀಲ ಹೊಲಿಯುವ ದಬ್ಬಣದಿಂದ ಆ ಹಾಳೆಗಳನ್ನು ಪುಸ್ತಕಕ್ಕೆ ಹೊಲಿದಳು. ಗ್ರಂಥಾಲಯದಲ್ಲಿ ಆಗ ಇದ್ದವರು ತೆರೆದೂ ನೋಡದೆ ಮುದ್ರೆ ಒತ್ತಿ ಕಪಾಟಿಗೆ ಸೇರಿಸಿದರು.

ಆ ದಬ್ಬಣದ ಹೊಲಿಗೆಯನ್ನೇ ನಾನು ಮೊನ್ನೆ ಹುಡುಕಿದ್ದು. ರಟ್ಟು ಹೊಸದು, ಒಳಗಿನ ದಾರ ಅದೇ. ಏಳು ಹಾಳೆಗಳೂ ಇದ್ದವು. ಮೇಡಂ ಯಾರೂ ಮುಟ್ಟುವುದಿಲ್ಲ ಎಂದಿದ್ದರಲ್ಲ, ಆ ಹಾಳೆಗಳ ಮೂಲೆಗಳು ಮುಟ್ಟಿ ಮುಟ್ಟಿ ದುಂಡಾಗಿದ್ದವು. ಮೊದಲ ಹಾಳೆಯ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ 'ಇದು ಪರೀಕ್ಷೆಗೆ ಬರುವುದಿಲ್ಲ, ಆದರೂ ಓದಿರಿ' ಎಂದು ಬರೆದಿದ್ದರು. ಅದರ ಕೆಳಗೆ ಬೇರೆ ಕೈಯಲ್ಲಿ 'ಓದಿದೆ'. ಅದರ ಕೆಳಗೆ ಇನ್ನೊಂದು ಕೈಯಲ್ಲಿ 'ನಾನೂ'. ಹಾಗೆ ಅಂಚಿನ ಉದ್ದಕ್ಕೂ ಬಗೆಬಗೆಯ ಅಕ್ಷರ, ಬಗೆಬಗೆಯ ಪೆನ್ನು, ಹಾಳೆಯ ಕೆಳಗಿನವರೆಗೆ. ನನ್ನ ಕಣ್ಣು ತುಂಬಿತು, ಈ ಸಲ ಖಾರದಿಂದಲ್ಲ.

ಹೊರಗಿನ ವರಾಂಡಕ್ಕೆ ಬಂದು ಅವ್ವನಿಗೆ ಫೋನ್ ಹಚ್ಚಿದೆ. ಮೆಣಸಿನಕಾಯಿಯ ದಿನಗಳು, ಎಲ್ಲರೂ ಕಣದಲ್ಲಿದ್ದರು. ಅಂಚಿನಲ್ಲಿ ಬರೆದದ್ದನ್ನೆಲ್ಲ ಓದಿ ಹೇಳಿದೆ. ಆ ಕಡೆಯಿಂದ ಈರಮ್ಮಾಯಿಯ ದನಿ ಬಂತು.

"ಅಂಚು ಓದಿದ್ದಾತು. ಈಗ ಕತಿ ಓದು, ಕೇಳಾಕತ್ತೀವಿ."

ಕಾಲೇಜಿನ ವರಾಂಡದಲ್ಲಿ ನಿಂತು ದೊಡ್ಡದಾಗಿ ಓದಿದೆ. ಹೋಗುವವರು ಬರುವವರು ನೋಡಿದರು, ನೋಡಲಿ. ಮೊದಲ ಹಾಳೆ ಮುಗಿಯಿತು. ಫೋನಿಗೆ ಕೇಳುವ ಹಾಗೆ ಹಾಳೆ ತಿರುವಿದೆ. ಆ ಕಡೆಯಿಂದ ಒಣ ಮೆಣಸಿನಕಾಯಿ ಗಲಗಲ ಎಂದು ಪುಟ್ಟಿಗೆ ಬಿದ್ದ ಸದ್ದು ಕೇಳಿಸಿತು.